ಇಂಗ್ಲೆಂಡ್‌ನಲ್ಲಿ ಕೆಲಸ, ದೋಣಿಯಲ್ಲಿ ಮನೆ: ಮರೀನಾ ಹುಡುಕಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಇಂಗ್ಲೆಂಡ್‌ಗೆ ಕೆಲಸಕ್ಕೆ ಹೋಗುವವರು ಅಲ್ಲಿನ ಮನೆ ಬಾಡಿಗೆ ನೋಡಿ ಕಂಗಾಲಾಗುತ್ತಾರೆ. ಆಮೇಲೆ ಕಾಲುವೆ ಬದಿಯಲ್ಲಿ ಸಾಲಾಗಿ ನಿಂತ ಉದ್ದನೆಯ ದೋಣಿಗಳು ಕಣ್ಣಿಗೆ ಬೀಳುತ್ತವೆ, ಅದರೊಳಗೆ ಜನ ಸಂಸಾರ ಮಾಡುತ್ತಾರೆ ಅಂತ ಗೊತ್ತಾಗುತ್ತದೆ, ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ. ಲೆಕ್ಕ ತಪ್ಪಲ್ಲ. ಆದರೆ ಎಲ್ಲರೂ ಮುಗ್ಗರಿಸುವುದು ಒಂದೇ ಕಡೆ: ಮೊದಲು ದೋಣಿ ಕೊಳ್ಳುತ್ತಾರೆ, ಆಮೇಲೆ ಅದನ್ನು ಕಟ್ಟಲು ಜಾಗ ಹುಡುಕುತ್ತಾರೆ. ದುಡ್ಡಿದ್ದರೆ ದೋಣಿ ಬೇಗ ಸಿಗುತ್ತದೆ. ಅದರಲ್ಲಿ ವಾಸ ಮಾಡಲು ಬಿಡುವ ಜಾಗ, ಅದೂ ಆಫೀಸಿಗೆ ಹತ್ತಿರ ಇರುವ ಜಾಗ, ಬೇಗ ಸಿಗುವುದಿಲ್ಲ.

ಹಾಗಾಗಿ ಇಲ್ಲಿ ಹೇಳಿದ ಕ್ರಮ ಬದಲಾಯಿಸಬೇಡಿ. ಕೆಲಸದ ಊರು, ಮರೀನಾ (ಬಾಡಿಗೆ ಕೊಟ್ಟು ದೋಣಿ ಕಟ್ಟುವ ತಾಣ), ಕರಾರು, ಕೊನೆಗೆ ದೋಣಿ.

ಗೋವಾದಲ್ಲೋ ಕಾರವಾರದಲ್ಲೋ ಇದೇ ರೀತಿ ಇರಬಹುದಲ್ವಾ ಅಂತ ಕೇಳುವವರಿದ್ದಾರೆ. ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದಲ್ಲಿ ಒಂದು ಮರೀನಾ ಇದೆ, ಆದರೆ ಅದು ಬಂದು ಹೋಗುವ ಯಾಟ್‌ಗಳಿಗೆ. ದೋಣಿಯಲ್ಲೇ ಮನೆ ಮಾಡಿಕೊಂಡು ದಿನಾ ಕೆಲಸಕ್ಕೆ ಹೋಗಿಬರುವ ವ್ಯವಸ್ಥೆ ನಮ್ಮಲ್ಲಿ ಬೆಳೆದಿಲ್ಲ. ಆದ್ದರಿಂದ ಇಲ್ಲಿರುವುದೆಲ್ಲ ಇಂಗ್ಲೆಂಡ್‌ನ ಮಾತು.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಆಫರ್ ಲೆಟರ್, ಅದರಲ್ಲಿ ಕೆಲಸದ ಜಾಗದ ಪೂರ್ತಿ ವಿಳಾಸ. ಮೊದಲ ಕೆಲವು ತಿಂಗಳಿಗೆ ಒಂದು ಸಾಧಾರಣ ಬಾಡಿಗೆ ರೂಮು. ಇದನ್ನು ಬಿಟ್ಟು ನೇರ ದೋಣಿಗೆ ಇಳಿಯುತ್ತೇನೆ ಅನ್ನುವುದು ಹುಚ್ಚು. ಒಂದು ಅಳತೆ ಟೇಪು, ಒಳ್ಳೆ ಟಾರ್ಚು, ಫೋನ್‌ನಲ್ಲಿ ಕಾಲುವೆಗಳ ನಕ್ಷೆ.

ಇನ್ನೊಂದು, ಈಜು. ಬರದಿದ್ದರೆ ವಿಮಾನ ಹತ್ತುವ ಮುಂಚೆ ಊರಲ್ಲೇ ಕಲಿತುಕೊಳ್ಳಿ. ಕಾಲುವೆ ಆಳ ಕಡಿಮೆ, ಎದ್ದು ನಿಂತರೆ ಸಾಕು ಅಂತ ಅಲ್ಲಿನವರು ನಗುತ್ತಾರೆ. ಆದರೆ ಜನವರಿಯ ನೀರಿಗೆ ಬಿದ್ದಾಗ ಆಳ ಮುಖ್ಯವಲ್ಲ, ಚಳಿಗೆ ಉಸಿರು ಕಟ್ಟುವುದು ಮುಖ್ಯ. ಬಿದ್ದ ಕೂಡಲೇ ಕೈಕಾಲು ಬಡಿಯಬೇಡಿ, ತಲೆ ಹಿಂದಕ್ಕೆ ಚೆಲ್ಲಿ ಅಂಗಾತ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ದಡ ನೋಡಿ ಅಂತ ಅಲ್ಲಿನ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳುತ್ತದೆ.

ಹಂತ 1: ಆಫೀಸನ್ನು ನಡುವೆ ಇಟ್ಟು ನೀರು ಹುಡುಕಿ

ನಕ್ಷೆಯಲ್ಲಿ ಆಫೀಸಿನ ಸುತ್ತ ಒಂದು ವೃತ್ತ ಎಳೆಯಿರಿ. ಎಷ್ಟು ದೊಡ್ಡದು? ಬೆಳಗ್ಗೆ ಏಳಕ್ಕೆ ಕತ್ತಲಲ್ಲಿ, ಮಳೆಯಲ್ಲಿ, ಸೈಕಲ್ ಅಥವಾ ಬಸ್ಸಿನಲ್ಲಿ ದಿನಾ ಹೋಗಬಲ್ಲಷ್ಟು. ಮರೀನಾಗಳು ಬಹುಪಾಲು ಊರಾಚೆ ಇರುತ್ತವೆ, ಕೊನೆಯ ಬಸ್ಸು ಸಂಜೆಯೇ ಮುಗಿದಿರುತ್ತದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿಬಂದು ರೂಢಿ ಇರುವವರು ಅಲ್ಲೂ ಹಾಗೇ ಎರಡು ನಿಮಿಷಕ್ಕೊಂದು ಬಸ್ಸು ಬರುತ್ತದೆ ಅಂದುಕೊಳ್ಳುತ್ತಾರೆ. ಬರುವುದಿಲ್ಲ.

ಆ ವೃತ್ತದೊಳಗಿನ ನೀರು ಯಾರದು ಅಂತ ಬರೆದುಕೊಳ್ಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಕಾಲುವೆ-ನದಿಗಳು ಕೆನಾಲ್ ಆಂಡ್ ರಿವರ್ ಟ್ರಸ್ಟ್ ಕೈಯಲ್ಲಿವೆ. ಲಂಡನ್ ಬಳಿಯ ಟೆಡ್ಡಿಂಗ್ಟನ್‌ನಿಂದ ಮೇಲಿನ ಥೇಮ್ಸ್ ಎನ್ವಿರಾನ್‌ಮೆಂಟ್ ಏಜೆನ್ಸಿಯದು. ನಾರ್ಫೋಕ್ ಕಡೆಯ ನೀರು ಬ್ರಾಡ್ಸ್ ಅಥಾರಿಟಿಯದು. ಒಬ್ಬರು ಕೊಟ್ಟ ದೋಣಿ ಲೈಸೆನ್ಸು ಇನ್ನೊಬ್ಬರ ನೀರಿಗೆ ನಡೆಯುವುದಿಲ್ಲ. ಟ್ರಸ್ಟ್ ಮತ್ತು ಏಜೆನ್ಸಿ ಎರಡಕ್ಕೂ ಸೇರಿ ಗೋಲ್ಡ್ ಲೈಸೆನ್ಸ್ ಅಂತ ಒಂದಿದೆ, ಅದು ಬೇಕಾಗುವುದು ಎರಡೂ ಕಡೆ ತಿರುಗುವವರಿಗೆ ಮಾತ್ರ.

ದೋಣಿಯ ಅಗಲವೂ ಇಲ್ಲೇ ತೀರ್ಮಾನವಾಗುತ್ತದೆ. ಮಿಡ್‌ಲ್ಯಾಂಡ್ಸ್‌ನ ಹಲವು ಕಾಲುವೆಗಳ ಲಾಕ್‌ಗಳು, ಅಂದರೆ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟುಗಳು, ಬರೀ 7 ಅಡಿ ಅಗಲ. ಅಲ್ಲಿಗೆ 6 ಅಡಿ 10 ಇಂಚಿನ ನ್ಯಾರೋಬೋಟ್ ಮಾತ್ರ ಹೋಗುತ್ತದೆ. 10-12 ಅಡಿ ಅಗಲದ ವೈಡ್‌ಬೀಮ್ ಒಳಗೆ ಮನೆ ಥರ ಆರಾಮ, ಸರಿ. ಆದರೆ ನಾಳೆ ಕೆಲಸ ಬೇರೆ ಊರಿಗೆ ಬದಲಾದರೆ ಅದನ್ನು ಲಾರಿ ಮೇಲೆ ಸಾಗಿಸಬೇಕಾದೀತು.

ಹಂತ 2: ವಾಸಕ್ಕೆ ಅನುಮತಿ ಇದೆಯೇ? ಇಲ್ಲೇ ಮುಕ್ಕಾಲು ಪಾಲು ಜನ ಸೋಲುತ್ತಾರೆ

ದೋಣಿ ಕಟ್ಟುವ ಜಾಗಕ್ಕೆ ಮೂರಿಂಗ್ ಅನ್ನುತ್ತಾರೆ. ಅದರಲ್ಲಿ ಎರಡು ಜಾತಿ ಇದೆ ಅಂತ ತಿಳಿಯದೇ ಬಹಳ ಜನ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ರೆಸಿಡೆನ್ಷಿಯಲ್ ಮೂರಿಂಗ್ ಅಂದರೆ ಅಲ್ಲಿ ವಾಸ ಮಾಡಲು ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಪ್ಲಾನಿಂಗ್ ಅನುಮತಿ ಇರುವ ಜಾಗ. ಸಾಮಾನ್ಯವಾಗಿ ಕೌನ್ಸಿಲ್ ಟ್ಯಾಕ್ಸ್ ಬೀಳುತ್ತದೆ, ವಿಳಾಸ ಸಿಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಇವು ಕಡಿಮೆ, ಸಾಲು ಉದ್ದ.

ಲೀಷರ್ ಮೂರಿಂಗ್ ಅಂದರೆ ಶನಿವಾರ-ಭಾನುವಾರ ಬಂದು ಹೋಗುವವರ ಜಾಗ. ಹೆಚ್ಚಿನ ಮರೀನಾಗಳಲ್ಲಿ ಜಾಸ್ತಿ ಇರುವುದು ಇದೇ. ಅಗ್ಗವಾಗಿ ಸಿಕ್ಕಿತು ಅಂತ ಖುಷಿಪಟ್ಟವರಲ್ಲಿ ಹೆಚ್ಚಿನವರಿಗೆ ಸಿಕ್ಕಿರುವುದೂ ಇದೇ. ಇಲ್ಲಿ ಕದ್ದು ವಾಸ ಮಾಡುವವರು ಇದ್ದಾರೆ, "ಎಲ್ಲರೂ ಇದ್ದಾರೆ, ಏನಾಗಲ್ಲ" ಅಂತ ಅವರೇ ನಿಮಗೂ ಹೇಳುತ್ತಾರೆ. ಕೌನ್ಸಿಲ್‌ಗೆ ಒಂದು ದೂರು ಹೋದರೆ ಮರೀನಾದವರು ಮೊದಲು ಕಳಿಸುವುದು ಹೊಸಬರನ್ನೇ. ವೀಸಾ ಮೇಲೆ ಇರುವವರು ಈ ಆಟ ಆಡಬಾರದು, ಯಾಕೆ ಅಂತ ಹಂತ 7ರಲ್ಲಿ ಹೇಳಿದ್ದೇನೆ.

ಇವೆರಡೂ ಬೇಡ, ಜಾಗಕ್ಕೆ ದುಡ್ಡೇ ಕೊಡದೆ ಸುತ್ತಾಡಿಕೊಂಡು ಇರುತ್ತೇನೆ ಅನ್ನುವವರಿಗೆ ಮೂರನೇ ದಾರಿ ಒಂದಿದೆ, ಕಂಟಿನ್ಯೂಯಸ್ ಕ್ರೂಸಿಂಗ್. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ ಪ್ರಕಾರ ಕಾಯಂ ಜಾಗ ಇಲ್ಲದ ದೋಣಿ ಒಂದೇ ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಮತ್ತು ನಿಜಕ್ಕೂ ಸಂಚರಿಸುತ್ತಿರಬೇಕು. ವರ್ಷವಿಡೀ ಸುತ್ತಿದ ವ್ಯಾಪ್ತಿ 20 ಮೈಲಿಗಿಂತ ಕಡಿಮೆ ಇದ್ದರೆ ಟ್ರಸ್ಟ್ ಒಪ್ಪುವುದು ಕಷ್ಟ. ಅದು 32 ಕಿಲೋಮೀಟರ್. ಹುಬ್ಬಳ್ಳಿ-ಧಾರವಾಡದಷ್ಟು ದೂರದಲ್ಲೇ ಆ ಕಡೆ ಈ ಕಡೆ ಓಡಾಡಿದರೆ ಸಾಲುವುದಿಲ್ಲ. 2024ರ ಏಪ್ರಿಲ್‌ನಿಂದ ಇಂಥ ದೋಣಿಗಳ ಲೈಸೆನ್ಸಿಗೆ ಹೆಚ್ಚುವರಿ ಶುಲ್ಕವೂ ಬಂದಿದೆ. ಒಂದೇ ಆಫೀಸಿಗೆ ದಿನಾ ಹೋಗುವವರಿಗೆ ಇದು ಆಗಿಬರುವುದಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಹಂತ 3: ಕೇಳುವ ರೀತಿ

ಟ್ರಸ್ಟ್ ತನ್ನ ಖಾಲಿ ಮೂರಿಂಗ್‌ಗಳನ್ನು ತನ್ನದೇ ವೆಬ್‌ಸೈಟ್‌ನಲ್ಲಿ ಹಾಕುತ್ತದೆ. ಖಾಸಗಿ ಮರೀನಾಗಳಿಗೆ ಒಂದೊಂದಾಗಿ ಬರೆಯಬೇಕು.

"ಜಾಗ ಇದೆಯೇ?" ಅಂತ ಕೇಳಬೇಡಿ. ಇದೆ ಅನ್ನುತ್ತಾರೆ, ಅದು ಲೀಷರ್ ಆಗಿರುತ್ತದೆ. ಹೀಗೆ ಕೇಳಿ: ಇದು ನನ್ನ ಏಕೈಕ ಮನೆ ಆಗಿರುತ್ತದೆ, ವರ್ಷದ ಹನ್ನೆರಡೂ ತಿಂಗಳು ಇರುತ್ತೇನೆ, ಇದಕ್ಕೆ ಪ್ಲಾನಿಂಗ್ ಅನುಮತಿ ಇರುವ ಬರ್ತ್ (ಒಂದು ದೋಣಿ ನಿಲ್ಲುವ ಜಾಗ) ಇದೆಯೇ, ಇಲ್ಲದಿದ್ದರೆ ಕಾಯುವ ಪಟ್ಟಿ ಎಷ್ಟು ಉದ್ದ ಇದೆ, ಪಟ್ಟಿಗೆ ಸೇರಲು ದುಡ್ಡು ಕಟ್ಟಬೇಕೇ, ಅದು ವಾಪಸ್ ಬರುತ್ತದೆಯೇ. ದೋಣಿ ಇನ್ನೂ ಕೊಂಡಿಲ್ಲ, ಎಷ್ಟು ಉದ್ದದ ದೋಣಿಗೆ ಜಾಗ ಬೇಗ ಸಿಗುತ್ತದೆ ಅಂತಲೂ ಕೇಳಿ. ಈ ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ಚಿಕ್ಕ ದೋಣಿಗಳಿಗೆ ಖಾಲಿ ಇದ್ದು, ದೊಡ್ಡವಕ್ಕೆ ಪಟ್ಟಿ ತುಂಬಿರುವುದು ಉಂಟು. ಆಗ ನೀವು ಕೊಳ್ಳಬೇಕಾದ ದೋಣಿಯ ಉದ್ದ ಅಲ್ಲೇ ಗೊತ್ತಾಯಿತಲ್ವಾ?

ಉತ್ತರ ಬರಹದಲ್ಲಿ ಇರಲಿ. ಫೋನ್‌ನಲ್ಲಿ ಚೆನ್ನಾಗಿ ಮಾತಾಡಿದರು ಅಂತ ನಂಬಿ ಕೂರಬೇಡಿ, ಮಾತಾಡಿದ ಮ್ಯಾನೇಜರ್ ಮುಂದಿನ ತಿಂಗಳು ಅಲ್ಲಿ ಇರುವುದಿಲ್ಲ.

ಹಂತ 4: ಹೋಗಿ ನೋಡಿ, ಅದೂ ಕೆಟ್ಟ ಹೊತ್ತಿನಲ್ಲಿ

ಬಿಸಿಲಿನ ಭಾನುವಾರ ಎಲ್ಲ ಮರೀನಾಗಳೂ ಚಂದ. ನೀವು ಹೋಗಬೇಕಾದದ್ದು ನವೆಂಬರಿನ ಮಂಗಳವಾರ, ರಾತ್ರಿ ಎಂಟಕ್ಕೆ, ಮಳೆ ಬರುತ್ತಿರುವಾಗ.

ಬಸ್ ಸ್ಟಾಪಿನಿಂದ ಗೇಟಿನವರೆಗೆ ನಡೆದು ನೋಡಿ. ಫುಟ್‌ಪಾತ್ ಇದೆಯೇ? ಗೇಟಿನಿಂದ ನಿಮ್ಮ ಬರ್ತ್‌ಗೆ ತೇಲುವ ಕಟ್ಟೆ, ಅಂದರೆ ಪಾಂಟೂನ್ ಮೇಲೆ ನಡೆಯಿರಿ. ದೀಪ ಉರಿಯುತ್ತಿವೆಯೇ, ಹಲಗೆಗೆ ಜಾಲರಿ ಹೊಡೆದಿದ್ದಾರೆಯೇ ಅಥವಾ ಪಾಚಿ ಕಟ್ಟಿ ಕಾಲು ಜಾರುತ್ತದೆಯೇ? ಎರಡೂ ಕೈಯಲ್ಲಿ ಸಾಮಾನು ಹಿಡಿದು ನಡೆಯಿರಿ, ಸುಮ್ನೆ ಕೈಬೀಸಿಕೊಂಡು ಹೋದರೆ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಕಲ್ಲಿದ್ದಲ ಚೀಲ, ಗ್ಯಾಸ್ ಸಿಲಿಂಡರು ಇದೇ ದಾರಿಯಲ್ಲಿ ಬರಬೇಕು. ನೀರಿಗೆ ಬಿದ್ದರೆ ಮೇಲೆ ಹತ್ತಲು ಏಣಿಗಳಿವೆಯೇ, ಎಷ್ಟು ದೂರಕ್ಕೊಂದು ಅಂತ ಟಾರ್ಚ್ ಹಾಕಿ ನೋಡಿ.

ಈಗ ದೋಣಿಗಳನ್ನು ನೋಡಿ. ಎಷ್ಟರ ಚಿಮಣಿಯಿಂದ ಹೊಗೆ ಬರುತ್ತಿದೆ? ಎಷ್ಟರ ಮೇಲೆ ಸೈಕಲ್, ಹೂಕುಂಡ, ಸೌದೆ ಇವೆ? ಹತ್ತರಲ್ಲಿ ಒಂಬತ್ತು ದೋಣಿ ಕತ್ತಲಾಗಿದ್ದರೆ ಅದು ಲೀಷರ್ ಮರೀನಾ, ಕಾಗದದಲ್ಲಿ ಏನೇ ಬರೆದಿರಲಿ. ಅಲ್ಲಿ ಚಳಿಗಾಲದಲ್ಲಿ ನೀರಿನ ನಲ್ಲಿ, ಸ್ನಾನದ ಮನೆ ಬಂದ್ ಮಾಡುತ್ತಾರೆಯೇ ಅಂತ ವಿಚಾರಿಸಿ. ದೀಪ ಇರುವ ದೋಣಿಯವರ ಹತ್ತಿರ ಎರಡು ಮಾತಾಡಿ. ಹೋದ ವರ್ಷ ಬಾಡಿಗೆ ಎಷ್ಟು ಏರಿಸಿದರು, ಕರೆಂಟು ಎಷ್ಟು ಸಲ ಹೋಗುತ್ತದೆ, ಯಾರನ್ನಾದರೂ ಹೊರಗೆ ಹಾಕಿದ್ದಾರೆಯೇ. ಆಫೀಸಿನಲ್ಲಿ ಸಿಗದ ಉತ್ತರಗಳು ಇಲ್ಲಿ ಸಿಗುತ್ತವೆ.

ನದಿಯ ಮರೀನಾ ಆದರೆ ಪ್ರವಾಹದ ಬಗ್ಗೆ ಕೇಳಲೇಬೇಕು. ಟ್ರೆಂಟ್, ಸೆವರ್ನ್, ಥೇಮ್ಸ್ ಚಳಿಗಾಲದಲ್ಲಿ ಉಕ್ಕುತ್ತವೆ. ದೋಣಿ ತೇಲುತ್ತದೆ, ತೊಂದರೆ ಇಲ್ಲ. ಮರೀನಾದಿಂದ ಹೊರಹೋಗುವ ರಸ್ತೆ ಮುಳುಗಿದರೆ ನೀವು ಆಫೀಸಿಗೆ ಹೋಗುವುದು ಹೇಗೆ?

ಫೋನ್ ಸಿಗ್ನಲ್ ಕೂಡ ಅಲ್ಲೇ ನಿಂತು ನೋಡಿ. ದೋಣಿಯ ಒಡಲು ಉಕ್ಕಿನದು, ಹೊರಗೆ ಎರಡು ಗೆರೆ ಇದ್ದರೆ ಒಳಗೆ ಒಂದೂ ಇರುವುದಿಲ್ಲ. ಮನೆಯಿಂದ ಕೆಲಸ ಮಾಡುವ ದಿನಗಳಿದ್ದರೆ ಛಾವಣಿ ಮೇಲೆ ಆಂಟೆನಾ ಹಾಕಲು ಬಿಡುತ್ತಾರೆಯೇ ಅಂತ ಕೇಳಿ.

ಹಂತ 5: ನೀರು, ಕರೆಂಟು, ಕಕ್ಕಸು

ನೀರಿನ ವಿಷಯದಲ್ಲಿ ನಮ್ಮವರಿಗೆ ಪಾಠ ಬೇಡ. ನಲ್ಲಿ ನೀರು ಬಂದ ದಿನ ತುಂಬಿಸಿಟ್ಟು ವಾರ ತಳ್ಳಿದವರಿಗೆ ದೋಣಿಯ ಟ್ಯಾಂಕು ಹೊಸದೇನಲ್ಲ.

ಕರೆಂಟಿನಲ್ಲಿ ಎಡವುತ್ತಾರೆ. ಮರೀನಾದ ಕಂಬದಿಂದ ಒಂದು ಬರ್ತ್‌ಗೆ ಹೆಚ್ಚೆಂದರೆ 16 ಆಂಪಿಯರ್ ಕೊಡುವುದು ಸಾಮಾನ್ಯ. 230 ವೋಲ್ಟ್‌ಗೆ ಅದು ಸುಮಾರು 3,700 ವಾಟ್. ಅಲ್ಲಿನ ಕೆಟಲ್ ಒಂದೇ 3,000 ವಾಟ್ ತಿನ್ನುತ್ತದೆ. ಕೆಟಲ್ ಹಾಕಿ, ಹೀಟರ್ ಹಾಕಿ, ಮಿಕ್ಸರ್‌ನಲ್ಲಿ ಚಟ್ನಿ ತಿರುವಿದರೆ ಕಂಬದಲ್ಲಿ ಟ್ರಿಪ್ ಆಗುತ್ತದೆ, ನೀವು ಚಪ್ಪಲಿ ಹಾಕಿಕೊಂಡು ಮಳೆಯಲ್ಲಿ ಹೋಗಿ ಸ್ವಿಚ್ ಎತ್ತಬೇಕು. ಕೆಲವು ಕಡೆ 6 ಅಥವಾ 10 ಆಂಪಿಯರ್ ಅಷ್ಟೇ. ಕೇಳಿ ತಿಳಿದುಕೊಳ್ಳಿ. ಉಕ್ಕಿನ ದೋಣಿಯನ್ನು ಸದಾ ಕರೆಂಟಿಗೆ ಜೋಡಿಸಿಟ್ಟರೆ ಅರ್ಥಿಂಗ್ ತಂತಿಯ ಮೂಲಕ ಅಕ್ಕಪಕ್ಕದ ದೋಣಿಗಳ ಜೊತೆ ಸಂಪರ್ಕವಾಗಿ ಒಡಲು ಬೇಗ ತುಕ್ಕು ಹಿಡಿಯುತ್ತದೆ. ಅದನ್ನು ತಡೆಯಲು ಗ್ಯಾಲ್ವಾನಿಕ್ ಐಸೋಲೇಟರ್ ಅಥವಾ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು.

ಇನ್ನು ಕಕ್ಕಸು. ನಾಚಿಕೆ ಬಿಟ್ಟು ಓದಿ, ಯಾಕೆಂದರೆ ಅಲ್ಲಿನ ಯಾವ ಪುಸ್ತಕದಲ್ಲೂ ಇದು ಇರುವುದಿಲ್ಲ. ಕ್ಯಾಸೆಟ್ ಕಕ್ಕಸು, ಅಂದರೆ ಕೆಳಗಿನ ಪೆಟ್ಟಿಗೆ ಕಳಚಿ ಖಾಲಿ ಮಾಡುವಂಥದ್ದು. ಅದರ ಪೆಟ್ಟಿಗೆ ಹಿಡಿಯುವುದು ಸುಮಾರು 20 ಲೀಟರ್. ಕಾಗದ ಬಳಸುವವರ ಲೆಕ್ಕದಲ್ಲಿ ಅದು ಇಷ್ಟು ದಿನ ಬರುತ್ತದೆ ಅಂತ ಹೇಳಿರುತ್ತಾರೆ. ನಾವು ಚೊಂಬು ಹಿಡಿಯುವ ಜನ. ಪ್ರತಿ ಸಲ ಒಂದು ಲೀಟರ್ ನೀರು ಹೋದರೂ ಪೆಟ್ಟಿಗೆ ಹೇಳಿದ್ದಕ್ಕಿಂತ ಬಹಳ ಮುಂಚೆ ತುಂಬುತ್ತದೆ, ಅದನ್ನು ಹೊತ್ತುಕೊಂಡು ಪಾಂಟೂನ್ ಉದ್ದಕ್ಕೂ ನಡೆದು ಸುರಿಯುವ ಜಾಗಕ್ಕೆ ಹೋಗಬೇಕು. ತುಂಬಿದ ಪೆಟ್ಟಿಗೆ 20 ಕೆ.ಜಿ. ದಾಟುತ್ತದೆ. ಒಣ ಗೊಬ್ಬರದ ಕಕ್ಕಸು ನಮಗೆ ಆಗುವುದೇ ಇಲ್ಲ, ನೀರು ಬಿದ್ದರೆ ಅದರ ಕೆಲಸವೇ ಕೆಡುತ್ತದೆ. ದೊಡ್ಡ ಟ್ಯಾಂಕಿನ ಪಂಪ್‌ಔಟ್ ವ್ಯವಸ್ಥೆ ಇರುವ ದೋಣಿ, ಪಂಪ್ ಮಾಡುವ ಯಂತ್ರ ಇರುವ ಮರೀನಾ ನೋಡಿಕೊಳ್ಳಿ. ಪ್ರತಿ ಸಲಕ್ಕೆ ಎಷ್ಟು ದುಡ್ಡು, ಯಂತ್ರ ಕೆಟ್ಟಾಗ ಏನು ಗತಿ ಅಂತ ಕೇಳಿ.

ಹಂತ 6: ಕರಾರು ಓದುವುದು

ಇದು ಮನೆ ಬಾಡಿಗೆ ಕರಾರಲ್ಲ. ಮನೆ ಬಾಡಿಗೆದಾರರಿಗೆ ಅಲ್ಲಿನ ಕಾನೂನು ಕೊಡುವ ರಕ್ಷಣೆ ಮೂರಿಂಗ್‌ಗೆ ಸಾಮಾನ್ಯವಾಗಿ ಇಲ್ಲ. ಕಾಗದದಲ್ಲಿ ಇರುವುದೇ ನಿಮ್ಮ ಹಕ್ಕು. ಗಮನಿಸಬೇಕಾದ ಸಾಲುಗಳು:

ಎಷ್ಟು ದಿನದ ನೋಟಿಸ್ ಕೊಟ್ಟು ಹೊರಗೆ ಕಳಿಸಬಹುದು, ಕಾರಣ ಕೊಡಬೇಕೇ. ಬಾಡಿಗೆ ದೋಣಿಯ ಉದ್ದಕ್ಕೋ ಬರ್ತ್‌ನ ಉದ್ದಕ್ಕೋ. 50 ಅಡಿ ದೋಣಿಗೆ 60 ಅಡಿ ಬರ್ತ್‌ನ ದುಡ್ಡು ಕಟ್ಟುವವರು ಇದ್ದಾರೆ. ವರ್ಷದಲ್ಲಿ ಕೆಲವು ವಾರ ಜಾಗ ಖಾಲಿ ಮಾಡಬೇಕು ಅನ್ನುವ ಸಾಲು ಇದ್ದರೆ ಅದು ಪೂರ್ತಿ ರೆಸಿಡೆನ್ಷಿಯಲ್ ಅಲ್ಲ. ದೋಣಿ ಮಾರಿದರೆ ಕೊಂಡವನಿಗೆ ಜಾಗ ಸಿಗುತ್ತದೆಯೇ, ಮರೀನಾಗೆ ಕಮಿಷನ್ ಕೊಡಬೇಕೇ. ಅಪ್ಪ-ಅವ್ವ ಊರಿನಿಂದ ಬಂದು ಎರಡು ತಿಂಗಳು ಇದ್ದರೆ ನಡೆಯುತ್ತದೆಯೇ. (ಮಂಡಿ ನೋವಿರುವವರಿಗೆ ನ್ಯಾರೋಬೋಟ್ ಹತ್ತಿ ಇಳಿಯುವುದು ಬೇರೆಯೇ ಕಥೆ, ಅವರಿಗೆ ಹತ್ತಿರದಲ್ಲೇ ರೂಮು ಮಾಡುವುದು ಒಳ್ಳೆಯದು.)

ಅಪಾಯದ ಸೂಚನೆಗಳು ಬಹಳ ಸರಳ. "ಮರೀನಾದವರಿಗೆ ಹೇಳಬೇಡಿ" ಅಂತ ದೋಣಿ ಬಾಡಿಗೆಗೆ ಕೊಡುವ ಮಾಲೀಕ ಹೇಳಿದರೆ ಎದ್ದು ಬನ್ನಿ. ತನ್ನ ದೋಣಿಯನ್ನು ಬೇರೆಯವರಿಗೆ ಮನೆಯಾಗಿ ಬಾಡಿಗೆಗೆ ಕೊಡಲು ಅವನಿಗೆ ವ್ಯಾಪಾರದ ಲೈಸೆನ್ಸು, ಮೂರಿಂಗ್‌ನ ಒಪ್ಪಿಗೆ ಬೇಕು, ಅದು ಇಲ್ಲದ್ದಕ್ಕೇ ಆ ಮಾತು ಬಂದಿದ್ದು. ನೋಡುವ ಮುಂಚೆ ಅಡ್ವಾನ್ಸ್ ಕೇಳಿದರೂ ಅಷ್ಟೇ. ನೀವಿನ್ನೂ ವಿದ್ಯಾನಗರದ ಮನೆಯಲ್ಲಿ ಕೂತಿದ್ದಾಗ ಒಂದು ಪೌಂಡ್ ಕೂಡ ಕಳಿಸಬೇಡಿ, ಫೋಟೋ ಎಷ್ಟೇ ಚಂದ ಇರಲಿ.

ಹಂತ 7: ವಿಳಾಸ

ವೀಸಾ ಮೇಲೆ ಕೆಲಸ ಮಾಡುವವರ ಈಗಿನ ವಿಳಾಸ, ಫೋನ್ ವಿವರ ಇಟ್ಟುಕೊಳ್ಳುವುದು ಕಂಪನಿಯ ಕರ್ತವ್ಯ. ವಲಸೆ ಇಲಾಖೆಯ ಖಾತೆಯಲ್ಲೂ ನಿಮ್ಮ ವಿವರ ಸರಿ ಇರಬೇಕು. ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ಎಲ್ಲಕ್ಕೂ ವಿಳಾಸ ಬೇಕು. ಲೀಷರ್ ಬರ್ತ್‌ನಲ್ಲಿ ಕದ್ದು ಇರುವವರು ಗೆಳೆಯನ ಮನೆ ವಿಳಾಸ ಕೊಟ್ಟು ಬಚಾವಾಗುತ್ತಾರೆ, ಮತ್ತೆ ವೀಸಾ ನವೀಕರಣದ ಹೊತ್ತಿಗೆ ಎಲ್ಲಿ ಏನು ಬರೆದಿದ್ದೆ ಅಂತ ತಡಕಾಡುತ್ತಾರೆ. ಕರಾರಿಗೆ ಸಹಿ ಮಾಡುವ ಮುಂಚೆಯೇ ಮರೀನಾದಿಂದ ಒಂದು ಪತ್ರ ಕೇಳಿ: ಇವರು ಈ ಬರ್ತ್‌ನಲ್ಲಿ ವಾಸಿಸುತ್ತಾರೆ, ಟಪಾಲು ಇಲ್ಲಿಗೆ ಬರುತ್ತದೆ. ಕೊಡಲು ಹಿಂದೆಮುಂದೆ ನೋಡಿದರೆ ಅದು ವಾಸದ ಜಾಗ ಅಲ್ಲ ಅಂತ ಅರ್ಥ.

ಹಂತ 8: ಈಗ ದೋಣಿ

ಬರ್ತ್‌ನ ಉದ್ದ-ಅಗಲ ಕೈಯಲ್ಲಿದೆ. ಅದಕ್ಕೆ ಹೊಂದುವ ದೋಣಿ ಮಾತ್ರ ನೋಡಿ. ಗದಗಿನ ಹುಡುಗನೊಬ್ಬ 57 ಅಡಿಯ ಬರ್ತ್ ಖಾತ್ರಿಯಾದ ಮೇಲೂ ಬಣ್ಣಕ್ಕೆ ಮರುಳಾಗಿ 62 ಅಡಿಯದ್ದಕ್ಕೆ ಮಾತುಕತೆ ನಡೆಸಿದ್ದ. ಟೇಪು ಹಿಡಿದು ಅಳೆಯಿರಿ, ಜಾಹೀರಾತಿನ ಉದ್ದ ನಂಬಬೇಡಿ, ಹಿಂದಿನ ರಡ್ಡರ್ (ದಿಕ್ಕು ತಿರುಗಿಸುವ ಹಲಗೆ) ಮತ್ತು ಮುಂದಿನ ಫೆಂಡರ್ (ಗುದ್ದು ತಡೆಯುವ ದಿಂಬು) ಸೇರಿಸಿ.

ಸರ್ವೆ, ಅಂದರೆ ಪರಿಣತರಿಂದ ದೋಣಿಯ ತಪಾಸಣೆ, ಆಗದೆ ಪೂರ್ತಿ ದುಡ್ಡು ಕೊಡಬೇಡಿ. "ಸರ್ವೆಗೆ ಒಳಪಟ್ಟು" ಅಂತ ಬರೆಸಿಯೇ ಅಡ್ವಾನ್ಸ್ ಕೊಡಿ. ದೋಣಿಯನ್ನು ನೀರಿನಿಂದ ಮೇಲೆತ್ತಿ, ಅಲ್ಟ್ರಾಸೌಂಡ್ ಯಂತ್ರದಿಂದ ಉಕ್ಕಿನ ದಪ್ಪ ಅಳೆಯುತ್ತಾರೆ. ನ್ಯಾರೋಬೋಟ್‌ನ ತಳ ಸಾಮಾನ್ಯವಾಗಿ 10 ಮಿ.ಮೀ., ಬದಿ 6, ಮೇಲಿನ ಕ್ಯಾಬಿನ್ 4. ಒಡಲು ಎಲ್ಲಾದರೂ 4 ಮಿ.ಮೀ.ಗಿಂತ ತೆಳುವಾಗಿದ್ದರೆ ವಿಮೆ ಕಂಪನಿಗಳು ತಕರಾರು ತೆಗೆಯುತ್ತವೆ. ಸರ್ವೆಯರ್‌ನನ್ನು ಮಾರುವವರು ಹೇಳಿದವರಲ್ಲ, ನೀವೇ ಹುಡುಕಿ.

ಮೂರು ಕಾಗದ ಬೇಕು: ನಾಲ್ಕು ವರ್ಷಕ್ಕೊಮ್ಮೆ ಮಾಡಿಸುವ ಬೋಟ್ ಸೇಫ್ಟಿ ಸ್ಕೀಮ್ ಪ್ರಮಾಣಪತ್ರ, ವಿಮೆ, ಲೈಸೆನ್ಸು. ಹಳೆ ಮಾಲೀಕನ ಲೈಸೆನ್ಸು ನಿಮಗೆ ವರ್ಗವಾಗುವುದಿಲ್ಲ. ಸೇಫ್ಟಿ ಪತ್ರ ಇದೆ ಅಂದರೆ ಒಡಲು ಗಟ್ಟಿ ಅಂತಲೂ ಅಲ್ಲ, ಅದು ಗ್ಯಾಸು, ಇಂಧನ, ವಿದ್ಯುತ್ತಿನ ಸುರಕ್ಷತೆಗೆ ಸಂಬಂಧಿಸಿದ್ದು. ಇವೆರಡನ್ನು ಒಂದೇ ಅಂದುಕೊಂಡು ಸರ್ವೆ ಉಳಿಸಿದವರು ಆಮೇಲೆ ವೆಲ್ಡಿಂಗ್‌ಗೆ ಸುರಿದಿದ್ದಾರೆ. ಕಾರಿಗೆ ಇರುವಂಥ ಕಡ್ಡಾಯ ಮಾಲೀಕತ್ವದ ದಾಖಲೆ ಈ ದೋಣಿಗಳಿಗೆ ಇಲ್ಲ, ಆದ್ದರಿಂದ ಹಿಂದಿನ ಮಾರಾಟ ಪತ್ರಗಳು, ಮಾಲೀಕನ ಹೆಸರಿನ ಲೈಸೆನ್ಸು, ಹಳೆ ರಿಪೇರಿ ಬಿಲ್ಲುಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ. ಸಾಲ ಉಳಿದಿಲ್ಲ ಅಂತ ಬರೆಸಿಕೊಳ್ಳಿ.

ಹಂತ 9: ಮೊದಲ ಚಳಿಗಾಲಕ್ಕೆ ಮುಂಚೆ

ಕಾರ್ಬನ್ ಮಾನಾಕ್ಸೈಡ್ ಅಲಾರಂ 2019ರ ಏಪ್ರಿಲ್‌ನಿಂದ ಸೇಫ್ಟಿ ಸ್ಕೀಮ್‌ನಲ್ಲಿ ಕಡ್ಡಾಯ. ಒಲೆ ಇರುವ ಕಡೆ ಒಂದು, ಮಲಗುವ ಕಡೆ ಇನ್ನೊಂದು ಇರಲಿ, ತಿಂಗಳಿಗೊಮ್ಮೆ ಬಟನ್ ಒತ್ತಿ ಪರೀಕ್ಷಿಸಿ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬೆಳಗ್ಗೆ ತಲೆನೋವು, ವಾಕರಿಕೆ ಇದ್ದು ಹೊರಗೆ ಬಂದರೆ ಸರಿಹೋಗುತ್ತದೆ ಅಂದರೆ ಒಲೆಯನ್ನು ಮತ್ತೆ ಹಚ್ಚಬೇಡಿ, ಚಿಮಣಿ ಪರೀಕ್ಷೆ ಮಾಡಿಸಿ, ವೈದ್ಯರಿಗೂ ತೋರಿಸಿ.

ನಮ್ಮವರು ಮಾಡುವ ಒಂದು ಕೆಲಸ ನಿಜಕ್ಕೂ ಅಪಾಯ. ಒಗ್ಗರಣೆ ಹಾಕಿದಾಗಲೆಲ್ಲ ಹೊಗೆಯ ಅಲಾರಂ ಕೂಗುತ್ತದೆ ಅಂತ ಬ್ಯಾಟರಿ ಕಿತ್ತಿಡುತ್ತಾರೆ. ಚಳಿ ಅಂತ ಗಾಳಿಯ ಕಿಂಡಿಗಳಿಗೆ ಬಟ್ಟೆ ತುರುಕುತ್ತಾರೆ. ಎರಡೂ ಬೇಡ. ಹೊಗೆಯ ಅಲಾರಂ ಅನ್ನು ಅಡುಗೆ ಒಲೆಯಿಂದ ಸ್ವಲ್ಪ ದೂರಕ್ಕೆ ಸರಿಸಿ, ಕಿಟಕಿ ತೆರೆದು ಒಗ್ಗರಣೆ ಹಾಕಿ. ರೊಟ್ಟಿ ಬಡಿಯುವ ದಿನ, ಅನ್ನ ಕುದಿಸುವ ದಿನ ಒಳಗೆಲ್ಲ ಹಬೆ ತುಂಬಿ ಕಿಟಕಿಯಿಂದ ನೀರು ಇಳಿಯುತ್ತದೆ, ಹಾಸಿಗೆಯ ಅಡಿ ಬೂಷ್ಟು ಕಟ್ಟುತ್ತದೆ. ಹಾಸಿಗೆ ಕೆಳಗೆ ಗಾಳಿ ಆಡುವ ಹಲಗೆ ಹಾಕಿ. ಜೋಳದ ಹಿಟ್ಟನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಊರಿನಿಂದ ಹೊತ್ತುಕೊಂಡು ಹೋದದ್ದು ಒಂದು ತಿಂಗಳೂ ಬಾಳುವುದಿಲ್ಲ.

ಟ್ರಸ್ಟ್ ಲಾಕ್‌ಗಳ ದೊಡ್ಡ ರಿಪೇರಿಗಳನ್ನು ಚಳಿಗಾಲಕ್ಕೇ ಇಟ್ಟುಕೊಳ್ಳುತ್ತದೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಲ್ಲಿ ದಾರಿ ಬಂದ್. ದೋಣಿ ಒಂದು ಊರಲ್ಲಿ ಕೊಂಡು ಮರೀನಾ ಇನ್ನೊಂದು ಊರಲ್ಲಿ ಇದ್ದರೆ ಆ ಪಟ್ಟಿ ನೋಡಿ ಅಕ್ಟೋಬರ್‌ಗೆ ಮುಂಚೆಯೇ ತಂದು ಕಟ್ಟಿಬಿಡಿ. ಅಲ್ಲಿಯವರೆಗೆ ರೂಮಿನ ಬಾಡಿಗೆ ನಿಲ್ಲಿಸಬೇಡಿ.